ಮಣ್ಣನ್ನು ಮರೆಮಾಡುವ ಮೆರುಗು: ಅರೆಪಾರದರ್ಶಕ ಗ್ಲೇಜನ್ನು ಅಪಾರದರ್ಶಕವಾಗಿಸುವ ವಿಚಾರ

ಮಣ್ಣಿನ ಪಾತ್ರೆಗಳಿಗೆ ಕೊಡುವ ಮೆರುಗು ಲೇಪವನ್ನು ವೃತ್ತಿಯವರು ಗ್ಲೇಜು ಎಂದು ಕರೆಯುತ್ತಾರೆ. ವಸ್ತುತಃ ಅದು ಪಾತ್ರೆಯ ಮೈಮೇಲೆ ಕರಗಿ, ಆರಿ, ಅಂಟಿಕೊಂಡ ತೆಳುವಾದ ಗಾಜಲ್ಲದೆ ಬೇರೆಯಲ್ಲ. ಬೆಣಚುಕಲ್ಲಿನ ಪುಡಿ ಈ ಗಾಜಿಗೆ ಮೂಲದ್ರವ್ಯ. ಸುಣ್ಣ, ಕ್ಷಾರ, ಬಿಳಿಗಾರ ಮೊದಲಾದುವು ಅದನ್ನು ಕಡಿಮೆ ಶಾಖದಲ್ಲಿ ಕರಗಿಸುತ್ತವೆ. ಚೀನಾ ಮಣ್ಣಿನಲ್ಲಿರುವ ಅಲ್ಯುಮಿನ ಕರಗಿದ ಲೇಪವು ಪಾತ್ರೆಯಿಂದ ಕೆಳಕ್ಕೆ ಹರಿದುಹೋಗದಂತೆ ತಡೆಯುತ್ತದೆ. ಗಾಜಿನ ಸ್ವಭಾವವೇ ಪಾರದರ್ಶಕತೆಯಾದುದರಿಂದ ಅಡಿಯಲ್ಲಿರುವ ಮಣ್ಣಿನ ಬಣ್ಣ ಮೇಲಕ್ಕೆ ಕಾಣುವುದು ಸಹಜ. ಅಡಿಯ ಮಣ್ಣು ಬಿಳಿಯ ಪಿಂಗಾಣಿಯಾಗಿದ್ದರೆ ಇದರಿಂದ ಹಾನಿಯಿಲ್ಲ, ಶೋಭೆಯೇ ಉಂಟು. ಆದರೆ ಕೆರೆಯಂಗಳದ ಕೆಮ್ಮಣ್ಣಿನಲ್ಲಿ ಕಬ್ಬಿಣದ ಅಂಶ ಬಹಳ. ಅದರಿಂದ ಮಾಡಿದ ತಟ್ಟೆಗೆ ಬಿಳಿಯ ಮೆರುಗು ಬೇಕೆಂದು ಬಯಸುವವನು ಮೊದಲು ಮಣ್ಣನ್ನು ಮರೆಮಾಡಬೇಕು. ಪ್ರಥಮ ಪ್ರಯತ್ನದಲ್ಲಿ ಸಾಮಾನ್ಯವಾಗಿ ದೊರಕುವುದು ಪೂರ್ತಿ ಮರೆಯೂ ಅಲ್ಲದ, ಪೂರ್ತಿ ತೆರವೂ ಅಲ್ಲದ ಲೇಪ. ಕೆಂಪು ಗಾರೆಯ ನೆಲದ ಮೇಲೆ ತೆಳ್ಳನೆಯ ಗಂಜಿ ಚೆಲ್ಲಿದಂತೆ. ಈ ಅರೆತೆರೆಯನ್ನು ಪೂರ್ಣ ತೆರೆಯಾಗಿಸುವುದು ಹೇಗೆ ಎಂಬುದೇ ಇಲ್ಲಿಯ ಪ್ರಶ್ನೆ.

ಬಿಳಿಯ ಪುಡಿಯನ್ನು ಸೇರಿಸಿದರೆ ಲೇಪ ಬೆಳ್ಳಗಾಗಬೇಕಲ್ಲವೆ ಎಂದು ಯಾರಿಗಾದರೂ ತೋರುವುದುಂಟು. ಸೀಮೆಸುಣ್ಣವೂ ಬಿಳಿ, ಬೆಣಚುಕಲ್ಲಿನ ಪುಡಿಯೂ ಬಿಳಿ, ಚೀನಾ ಮಣ್ಣೂ ಬಿಳಿ. ಆದರೆ ಇವುಗಳನ್ನು ಗ್ಲೇಜಿಗೆ ಸೇರಿಸಿ ಸುಟ್ಟರೆ ಅವು ಗಾಜಿನಲ್ಲಿ ಕರಗಿ ಗಾಜೇ ಆಗಿಬಿಡುತ್ತವೆ. ಕರಗಿದ ಪದಾರ್ಥಕ್ಕೆ ಮರೆಮಾಡುವ ಶಕ್ತಿಯಿಲ್ಲ. ಆದಕಾರಣ ಬಿಳುಪು ಎಂದರೇನೆಂಬುದನ್ನು ಮೊದಲು ವಿಚಾರಿಸುವುದು ಯುಕ್ತ.

ಕಲ್ಲುಸಕ್ಕರೆಯ ಒಂದು ದೊಡ್ಡ ಹರಳು ಹೆಚ್ಚುಕಡಿಮೆ ಪಾರದರ್ಶಕವಾಗಿರುತ್ತದೆ. ಅದನ್ನೇ ಕುಟ್ಟಿ ಪುಡಿಮಾಡಿದರೆ ಅಚ್ಚ ಬಿಳುಪು. ಪುಡಿಮಾಡಿದಾಗ ಬಣ್ಣವೇನೂ ಹೊಸದಾಗಿ ಹುಟ್ಟಲಿಲ್ಲ; ಹುಟ್ಟಿದುದು ಅಸಂಖ್ಯಾತ ಮೇಲ್ಮೈಗಳು ಮಾತ್ರ. ಬೆಳಕು ಸಕ್ಕರೆಯಿಂದ ಗಾಳಿಗೆ, ಗಾಳಿಯಿಂದ ಸಕ್ಕರೆಗೆ ದಾಟುವ ಪ್ರತಿಯೊಂದು ಗಡಿಯಲ್ಲಿಯೂ ಸ್ವಲ್ಪ ಬಾಗುತ್ತದೆ, ಸ್ವಲ್ಪ ಹಿಂದಿರುಗುತ್ತದೆ. ಸಾವಿರಾರು ಗಡಿಗಳನ್ನು ದಾಟುವಷ್ಟರಲ್ಲಿ ಅದರ ದಿಕ್ಕೇ ತಪ್ಪಿ, ಬಹುಪಾಲು ಬಂದ ಕಡೆಗೇ ಮರಳುತ್ತದೆ. ಎಲ್ಲ ಬಣ್ಣಗಳೂ ಸಮವಾಗಿ ಮರಳಿದುದನ್ನೇ ಕಣ್ಣು ಬಿಳುಪೆಂದು ಗ್ರಹಿಸುತ್ತದೆ. ಇದಕ್ಕೆ ವಿಜ್ಞಾನದಲ್ಲಿ ಬೆಳಕಿನ ಚದರಿಕೆ ಎಂದು ಹೆಸರು.

ಇದರ ವಿಲೋಮವನ್ನೂ ಮನೆಯಲ್ಲಿಯೇ ಕಾಣಬಹುದು. ಕಾಗದದ ಮೇಲೆ ಎಣ್ಣೆ ಬಿದ್ದರೆ ಆ ಜಾಗ ಅರೆಪಾರದರ್ಶಕವಾಗಿ ಅಡಿಯ ಅಕ್ಷರಗಳು ಕಾಣತೊಡಗುತ್ತವೆ. ಕಾಗದದ ನಾರುಗಳ ನಡುವೆ ಇದ್ದ ಗಾಳಿಯನ್ನು ಎಣ್ಣೆ ಹೊರದೂಡಿತು. ನಾರು ಮತ್ತು ಎಣ್ಣೆ ಬೆಳಕನ್ನು ಬಾಗಿಸುವ ಪ್ರಮಾಣ ಬಹುಮಟ್ಟಿಗೆ ಒಂದೇ ಆದುದರಿಂದ ಗಡಿಗಳು ಇದ್ದೂ ಇಲ್ಲದಂತಾದುವು. ಸುಣ್ಣ ಬಳಿದ ಗೋಡೆ ಹಸಿಯಾಗಿರುವಾಗ ಮಂಕಾಗಿ ಕಂಡು, ಒಣಗಿದ ಮೇಲೆ ಬೆಳ್ಳಗೆ ಬೆಳಗುವುದಕ್ಕೂ ಇದೇ ಕಾರಣ. ಹಸಿಸುಣ್ಣದ ಕಣಗಳ ನಡುವೆ ನೀರಿದೆ, ಒಣಸುಣ್ಣದ ಕಣಗಳ ನಡುವೆ ಗಾಳಿಯಿದೆ. ಬಳಿಯುವವನು ಹಸಿಯ ಬಣ್ಣವನ್ನು ನೋಡಿ ಇನ್ನೊಂದು ಕೈ ಬಳಿಯಲು ಆತುರಪಡುವುದಿಲ್ಲ. ಈ ತಿಳಿವಳಿಕೆ ಅವನಿಗೆ ಅನುಭವದಿಂದ ಬಂದುದು.

ಪದಾರ್ಥವೊಂದು ಬೆಳಕನ್ನು ಬಾಗಿಸುವ ಪ್ರಮಾಣಕ್ಕೆ ವಕ್ರೀಭವನಾಂಕ ಎನ್ನುತ್ತಾರೆ. ಸಾಮಾನ್ಯ ಗ್ಲೇಜಿನ ಗಾಜಿಗೆ ಅದು ಸುಮಾರು ೧.೫ರಿಂದ ೧.೬. ಬೆಣಚುಕಲ್ಲಿಗೆ ಸುಮಾರು ೧.೫೫. ಆದುದರಿಂದ ಕರಗದೆ ಉಳಿದ ಬೆಣಚಿನ ಕಣವೂ ಗ್ಲೇಜಿನಲ್ಲಿ ಎಣ್ಣೆಕಾಗದದ ನಾರಿನಂತೆ ಅಡಗಿಹೋಗುತ್ತದೆ. ತವರದ ಆಕ್ಸೈಡಿಗೆ ಈ ಅಂಕ ಸುಮಾರು ೨.೦, ಜಿರ್ಕಾನ್ ಎಂಬ ಖನಿಜಕ್ಕೆ ೧.೯೪ರ ಸುತ್ತಮುತ್ತ, ಟೈಟಾನಿಯಂ ಆಕ್ಸೈಡಿಗೆ ೨.೫ಕ್ಕೂ ಮೇಲೆ. ಗಾಜಿಗೂ ಇವುಗಳಿಗೂ ಇರುವ ಅಂತರವೇ ಮರೆಮಾಡುವ ಶಕ್ತಿಯ ಮೂಲ. ಅಂತರವು ಕೆಳಮುಖವಾಗಿದ್ದರೂ ಕೆಲಸ ನಡೆಯುತ್ತದೆ. ಗಾಳಿಯ ಅಂಕ ೧. ಆದಕಾರಣ ಲೇಪದೊಳಗೆ ಸೆರೆಸಿಕ್ಕ ಸೂಕ್ಷ್ಮ ಗುಳ್ಳೆಗಳೂ ಗ್ಲೇಜನ್ನು ಮಂಜಾಗಿಸಬಲ್ಲವು.

ಅಂತರವೊಂದೇ ಸಾಲದು, ಕಣದ ಗಾತ್ರವೂ ಹೊಂದಬೇಕು. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು ೦.೪ರಿಂದ ೦.೭ ಮೈಕ್ರಾನ್. (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್.) ಕಣದ ಗಾತ್ರ ಈ ಅಳತೆಗೆ ಸಮೀಪವಾಗಿದ್ದಾಗ ಚದರಿಕೆ ಅತ್ಯಂತ ಪ್ರಬಲ. ಕಣಗಳು ದಪ್ಪನಾಗಿದ್ದರೆ ಅದೇ ತೂಕದ ಪುಡಿಯಲ್ಲಿ ಅವುಗಳ ಸಂಖ್ಯೆ ಕಡಿಮೆಯಾಗಿ ಮೇಲ್ಮೈ ಕುಗ್ಗುತ್ತದೆ. ಅಲೆಯುದ್ದಕ್ಕಿಂತ ಬಹಳ ಸಣ್ಣವಾದರೆ ಚದರಿಕೆಯ ಬಲ ಕುಂದುವುದಲ್ಲದೆ, ನೀಲಿ ಬೆಳಕು ಕೆಂಪಿಗಿಂತ ಹೆಚ್ಚಾಗಿ ಚದರುತ್ತದೆ. ಆಗ ಬಿಳುಪಿನ ಬದಲು ಹಾಲುನೀಲಿ ಬರುತ್ತದೆ. ಆಕಾಶದ ನೀಲಿಯೂ ಇದೇ ಬಗೆಯದು. ೧೯೨೧ರಲ್ಲಿ ಸಮುದ್ರಯಾನ ಮಾಡುತ್ತಿದ್ದ ಸಿ. ವಿ. ರಾಮನ್ನರ ಮನಸ್ಸನ್ನು ಸೆರೆಹಿಡಿದ ಕಡಲಿನ ನೀಲಿಯೂ ನೀರಿನ ಅಣುಗಳಿಂದ ಬೆಳಕು ಚದರುವ ಸಂಗತಿಯೇ ಆಗಿತ್ತು. ಮುಂದೆ ಬೆಂಗಳೂರಿನಲ್ಲಿ ನೆಲಸಿದ ಆ ವಿಜ್ಞಾನಿ ಕ್ಷೀರಸ್ಫಟಿಕ ಮೊದಲಾದ ಹರಳುಗಳ ಹೊಳಪನ್ನೂ ಅಭ್ಯಸಿಸಿದರು. ಕುಂಬಾರನ ಭಟ್ಟಿಯೊಳಗಿನ ವಿದ್ಯೆ ಭೌತಶಾಸ್ತ್ರದಿಂದ ದೂರವಾದುದೆಂದು ಯಾರೂ ತಿಳಿಯಬೇಕಾಗಿಲ್ಲ.

ತವರದಿಂದ ಗ್ಲೇಜನ್ನು ಮರೆಮಾಡುವ ವಿದ್ಯೆಗೆ ದೀರ್ಘ ಇತಿಹಾಸವಿದೆ. ಒಂಬತ್ತನೆಯ ಶತಮಾನದ ಇರಾಕಿನಲ್ಲಿ, ವಿಶೇಷವಾಗಿ ಬಸ್ರಾ ಪಟ್ಟಣದಲ್ಲಿ, ಇದು ಪ್ರೌಢಾವಸ್ಥೆಗೆ ಬಂದಿತು. ಚೀನದಿಂದ ಕಡಲ ಮಾರ್ಗವಾಗಿ ಬರುತ್ತಿದ್ದ ಬಿಳಿಯ ಪಾತ್ರೆಗಳಿಗೆ ಅಲ್ಲಿ ಬಹು ಮನ್ನಣೆಯಿತ್ತು. ಬಸ್ರಾದ ಕುಂಬಾರರಲ್ಲಿ ಚೀನಾ ಮಣ್ಣೂ ಇರಲಿಲ್ಲ, ಅದನ್ನು ಸುಡತಕ್ಕ ಅಧಿಕ ಶಾಖದ ಭಟ್ಟಿಯೂ ಇರಲಿಲ್ಲ. ಇದ್ದುದು ಹಳದಿ ಛಾಯೆಯ ಸಾಮಾನ್ಯ ಮಣ್ಣು. ಅವರು ಮಣ್ಣನ್ನು ಬದಲಿಸಲು ಹೋಗದೆ ಮೆರುಗನ್ನು ಬದಲಿಸಿದರು. ತವರ ಸೇರಿದ ಬಿಳಿಯ ಗ್ಲೇಜಿನಿಂದ ಪಾತ್ರೆಯನ್ನು ಮುಚ್ಚಿ, ಅದರ ಮೇಲೆ ಕೋಬಾಲ್ಟಿನ ನೀಲಿಯಿಂದ ಚಿತ್ರ ಬರೆದರು. ಅಲ್ಲಿಂದ ಮುಂದೆ ಈ ವಿದ್ಯೆ ಈಜಿಪ್ಟು, ಸ್ಪೇನುಗಳ ಮೂಲಕ ಇಟಲಿಗೆ ಹೋಗಿ ಮಜೋಲಿಕ ಎನಿಸಿತು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಹೆಸರನ್ನು ಲೋಕಪ್ರಸಿದ್ಧಗೊಳಿಸಿತು. ಇರಾನಿನಲ್ಲಿ ಗೋಡೆಯ ಹೆಂಚುಗಳಿಗೂ ಇದು ಒದಗಿತು. ಬೀದರಿನಲ್ಲಿ ೧೪೭೨ರಲ್ಲಿ ಪೂರ್ಣಗೊಂಡ ಮಹಮೂದ್ ಗಾವಾನನ ಮದರಸಾದ ಮುಖಭಾಗದಲ್ಲಿ ಇಂದಿಗೂ ಅಳಿದುಳಿದಿರುವ ಬಣ್ಣದ ಹೆಂಚುಗಳು ಆ ಇರಾನೀ ಹೆಂಚುಗೆಲಸದ ಪರಂಪರೆಗೆ ಸೇರಿದುವು.

ವಿದ್ಯೆ ಹೀಗೆ ದೇಶಾಂತರ ಸಂಚರಿಸಿದರೂ ಎಲ್ಲರಿಗೂ ಸುಲಭವಾಗಿ ದೊರೆಯಲಿಲ್ಲ. ಹದಿನಾರನೆಯ ಶತಮಾನದ ಫ್ರಾನ್ಸಿನ ಬರ್ನಾರ್ಡ್ ಪಾಲಿಸಿಯ ವೃತ್ತಾಂತ ಇದಕ್ಕೆ ನಿದರ್ಶನ. ಗಾಜಿನ ಮೇಲೆ ಚಿತ್ರ ಬರೆಯುವ ಕಸುಬಿನವನಾದ ಈತ ಒಮ್ಮೆ ಮೆರುಗು ಕೊಟ್ಟ ಸುಂದರವಾದ ಮಣ್ಣಿನ ಬಟ್ಟಲೊಂದನ್ನು ಕಂಡು ಆ ರಹಸ್ಯವನ್ನು ಹುಡುಕಹೊರಟನು. ಬಿಳಿಯ ಮೆರುಗು ಕೈಗೂಡಿದರೆ ಉಳಿದ ಬಣ್ಣಗಳೆಲ್ಲ ಅದರ ಬೆನ್ನಿಗೇ ಬರುವುವೆಂದು ಅವನ ನಂಬಿಕೆ. ನಂಬಿಕೆ ಸರಿಯಾಗಿಯೇ ಇತ್ತು. ಆದರೆ ಯಾವ ದ್ರವ್ಯ, ಎಷ್ಟು ಪ್ರಮಾಣ, ಯಾವ ಶಾಖ ಎಂದು ಹೇಳಿಕೊಡುವವರಿರಲಿಲ್ಲ. ಮಡಕೆಗಳನ್ನು ಕೊಂಡು ಒಡೆದು, ಚೂರುಚೂರಿಗೂ ಬೇರೆ ಬೇರೆ ಮಿಶ್ರಣ ಹಚ್ಚಿ ಸುಡುತ್ತ ವರ್ಷಗಳನ್ನು ಕಳೆದನು. ಒಮ್ಮೆ ಮೆರುಗು ಕರಗುವ ಹೊತ್ತಿಗೆ ಸೌದೆ ಮುಗಿದು, ತೋಟದ ಹಂದರದ ಕಂಬಗಳನ್ನೂ ಮನೆಯ ಮೇಜುಗಳನ್ನೂ ಕಡೆಗೆ ನೆಲದ ಹಲಗೆಗಳನ್ನೂ ಒಲೆಗೆ ಹಾಕಿದನೆಂದು ೧೫೮೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನೇ ಬರೆದಿದ್ದಾನೆ. ಹೀಗೆ ಸುಮಾರು ೧೬ ವರ್ಷ ಕಳೆಯಿತು. ಮನೆಯವರ ಪಾಡನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ವಿಪರ್ಯಾಸವೆಂದರೆ, ಅದೇ ಶತಮಾನದ ೧೫೫೦ರ ದಶಕದಲ್ಲಿ ಇಟಲಿಯ ಚಿಪ್ರಿಯಾನೊ ಪಿಕೊಲ್‌ಪಾಸೊ ಎಂಬಾತ ಸೀಸ ತವರಗಳನ್ನು ಒಟ್ಟಿಗೆ ಹುರಿದು ಬಿಳಿಯ ಭಸ್ಮ ಮಾಡುವ ವಿಧಾನವನ್ನು ಚಿತ್ರಸಹಿತ ಬರೆದಿಟ್ಟಿದ್ದನು. ಅದಕ್ಕೂ ಎರಡೂವರೆ ಶತಮಾನ ಮೊದಲು, ೧೩೦೧ರಲ್ಲಿ, ಇರಾನಿನ ಕಾಶಾನ್ ಪಟ್ಟಣದ ಕುಂಬಾರ ಮನೆತನಕ್ಕೆ ಸೇರಿದ ಅಬುಲ್ ಕಾಸಿಮ್ ಕೂಡ ತನ್ನ ಗ್ರಂಥದಲ್ಲಿ ಈ ವಿಷಯವನ್ನು ವಿವರಿಸಿದ್ದನು. ಪಿಕೊಲ್‌ಪಾಸೊವಿನ ಹಸ್ತಪ್ರತಿ ಅಚ್ಚಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಒಬ್ಬನ ಪೆಟ್ಟಿಗೆಯಲ್ಲಿದ್ದ ವಿದ್ಯೆಗಾಗಿ ಇನ್ನೊಬ್ಬನು ತನ್ನ ಮನೆಯ ನೆಲವನ್ನೇ ಸುಡಬೇಕಾಯಿತು.

ಆ ಹಳೆಯ ಸೂತ್ರಗಳನ್ನು ಇಂದು ಹಾಗೆಯೇ ಅನುಸರಿಸುವುದು ಮಾತ್ರ ಸಲ್ಲದು. ಸೀಸವು ವಿಷ. ಹುರಿಯುವಾಗ ಅದರ ಧೂಮ ಮತ್ತು ಧೂಳು ಕೆಲಸಗಾರನ ದೇಹವನ್ನು ಸೇರುತ್ತವೆ. ಸರಿಯಾಗಿ ಕೂಡದ ಮೆರುಗಿನಿಂದ ಹುಣಿಸೆಹುಳಿ, ಮೊಸರು, ಉಪ್ಪಿನಕಾಯಿಗಳ ಆಮ್ಲವು ಸೀಸವನ್ನು ಎಳೆದುಕೊಂಡು ಉಣ್ಣುವವನಿಗೆ ತಲುಪಿಸುತ್ತದೆ. ಮಕ್ಕಳ ಮೇಲೆ ಇದರ ಪರಿಣಾಮ ಘೋರವಾದುದು. ಊಟದ ಪಾತ್ರೆಗೆ, ಶಾಲೆಯ ಕರಕುಶಲ ವಿಭಾಗಕ್ಕೆ, ಸೀಸದ ಗ್ಲೇಜು ಬರಲೇಕೂಡದು. ತವರದ ಬಿಳುಪಿಗೆ ಸೀಸವೇನೂ ಅನಿವಾರ್ಯವಲ್ಲ; ಬಿಳಿಗಾರದ ಅಂಶವಿರುವ ಗಾಜಿನಲ್ಲಿಯೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ತವರದ ಆಕ್ಸೈಡನ್ನು ಒಣ ಗ್ಲೇಜಿನ ತೂಕಕ್ಕೆ ಶೇಕಡ ೫ರಿಂದ ೮ರವರೆಗೆ ಸೇರಿಸಿದರೆ ಸಾಮಾನ್ಯವಾಗಿ ಮರೆ ಪೂರ್ಣವಾಗುತ್ತದೆ. ಮೊದಲ ಅಲ್ಪಾಂಶ ಗಾಜಿನಲ್ಲಿ ಕರಗಿಹೋಗುವುದರಿಂದ ಶೇಕಡ ಒಂದನ್ನು ಹಾಕಿ ಏನೂ ಆಗಲಿಲ್ಲವೆಂದು ನಿರಾಶರಾಗುವುದು ಉಚಿತವಲ್ಲ. ತವರದ ಬಿಳುಪು ಮೃದು, ಆಳವುಳ್ಳದ್ದು. ಹಾಲಿನ ಕೆನೆಯನ್ನು ನೆನಪಿಗೆ ತರುವಂಥದು. ದೋಷವೆಂದರೆ ಅದರ ಬೆಲೆ. ಮತ್ತೊಂದು ವಿಚಿತ್ರವೂ ಉಂಟು. ಅದೇ ಭಟ್ಟಿಯಲ್ಲಿ ಕ್ರೋಮಿಯಂ ಸೇರಿದ ಹಸಿರು ಪಾತ್ರೆಯಿದ್ದರೆ, ಕ್ರೋಮಿಯಂ ಅಲ್ಪವಾಗಿ ಆವಿಯಾಗಿ ಪಕ್ಕದ ತವರದ ಬಿಳುಪಿನ ಮೇಲೆ ಗುಲಾಬಿ ಛಾಯೆಯನ್ನು ಮೂಡಿಸುತ್ತದೆ. ಕಾರಣ ತಿಳಿಯದವನು ತನ್ನ ಮಿಶ್ರಣದಲ್ಲಿ ತಪ್ಪು ಹುಡುಕುತ್ತ ಕುಳಿತಾನು. ತಪ್ಪು ನೆರೆಯ ಪಾತ್ರೆಯದು.

ತವರದ ಬೆಲೆಯ ಕಾರಣದಿಂದಲೇ ಇಪ್ಪತ್ತನೆಯ ಶತಮಾನದಲ್ಲಿ ಜಿರ್ಕಾನ್, ಅಂದರೆ ಜಿರ್ಕೋನಿಯಂ ಸಿಲಿಕೇಟು, ಅದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿತು. ಸ್ನಾನಗೃಹದ ಬಿಳಿಯ ಬೋಗುಣಿಗಳೂ ಗೋಡೆಯ ಹೆಂಚುಗಳೂ ಹೆಚ್ಚಾಗಿ ಇದರ ಫಲ. ಈ ಖನಿಜಕ್ಕೆ ಭಾರತ ಪರಾಧೀನವಲ್ಲ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರ ಇವುಗಳ ಕಡಲತೀರದ ಮರಳಿನಲ್ಲಿ ಇಲ್ಮೆನೈಟು, ಮೊನಜೈಟುಗಳೊಡನೆ ಜಿರ್ಕಾನ್ ದೊರಕುತ್ತದೆ. ಆದರೆ ಮರಳಿನ ರೂಪದಲ್ಲಿ ಅದರಿಂದ ಪ್ರಯೋಜನವಿಲ್ಲ. ಒಂದೆರಡು ಮೈಕ್ರಾನಿನಷ್ಟು, ಸಾಧ್ಯವಾದರೆ ಅದಕ್ಕೂ ನುಣ್ಣಗೆ, ಅರೆದ ಪುಡಿಯೇ ಬೇಕು. ಗಾತ್ರದ ವಿಚಾರದಲ್ಲಿ ಮೇಲೆ ಹೇಳಿದ ನಿಯಮ ಇಲ್ಲಿ ಪ್ರತ್ಯಕ್ಷವಾಗುತ್ತದೆ. ಅಗ್ಗವೆಂದು ದಪ್ಪ ಪುಡಿಯನ್ನು ತಂದು ಇಮ್ಮಡಿ ಹಾಕಿದರೂ ಮರೆಯಾಗದು.

ತವರವಿದ್ದಲ್ಲಿ ಜಿರ್ಕಾನನ್ನು ಬಳಸುವಾಗ ಸುಮಾರು ಒಂದೂವರೆಯಿಂದ ಎರಡು ಪಾಲು ಬೇಕಾಗುತ್ತದೆ. ಶೇಕಡ ೫ರಷ್ಟರಲ್ಲಿ ಅರೆಮರೆ. ೧೦ರಿಂದ ೧೫ರಲ್ಲಿ ಪೂರ್ಣ ಮರೆ. ಇಷ್ಟೊಂದು ಕರಗದ ದ್ರವ್ಯ ಸೇರಿದ ಮೇಲೆ ಲೇಪವು ದಪ್ಪಗಂಜಿಯಂತೆ ಗಡುಸಾಗುವುದು ನಿಶ್ಚಯ. ಆಗ ಸೂಜಿಮೊನೆಯಂತಹ ರಂಧ್ರಗಳು ಮುಚ್ಚಿಕೊಳ್ಳದೆ ಉಳಿಯಬಹುದು. ಲೇಪ ಅಲ್ಲಲ್ಲಿ ಮುದುರಿ ಹಿಂದೆ ಸರಿದು ಬರಿಯ ಮಣ್ಣು ಕಾಣಬಹುದು. ಇದಕ್ಕೆ ಪರಿಹಾರ ಜಿರ್ಕಾನನ್ನು ಕಡಿಮೆ ಮಾಡುವುದಲ್ಲ. ಕರಗಿಸುವ ದ್ರವ್ಯವನ್ನು ಸ್ವಲ್ಪ ಹೆಚ್ಚಿಸುವುದು, ಪಾತ್ರೆಯ ಧೂಳನ್ನು ಒರಸಿ ಲೇಪಿಸುವುದು, ಲೇಪವನ್ನು ಅತಿ ದಪ್ಪವಾಗಿ ಹಚ್ಚದಿರುವುದು, ಇವು ಪರಿಹಾರಗಳು. ಜಿರ್ಕಾನಿನಿಂದ ಒಂದು ಲಾಭವೂ ಇದೆ: ಅದು ಗ್ಲೇಜಿನ ಉಷ್ಣವಿಕಾಸವನ್ನು ತಗ್ಗಿಸುವುದರಿಂದ, ಲೇಪದಲ್ಲಿ ಬಲೆಯಂತೆ ಮೂಡುವ ಬಿರುಕುಗೆರೆಗಳು ಕಡಿಮೆಯಾಗುತ್ತವೆ. ಬಣ್ಣದ ದೃಷ್ಟಿಯಿಂದ ಮಾತ್ರ ಅದರ ಬಿಳುಪು ತುಸು ಗಡುಸು, ಸ್ನಾನಗೃಹವನ್ನು ನೆನಪಿಸುವಂಥದು. ಅನೇಕ ಕುಂಬಾರರು ಜಿರ್ಕಾನಿಗೆ ಶೇಕಡ ಒಂದೆರಡರಷ್ಟು ತವರ ಸೇರಿಸಿ ವೆಚ್ಚವನ್ನೂ ಸೌಮ್ಯತೆಯನ್ನೂ ಹೊಂದಿಸಿಕೊಳ್ಳುತ್ತಾರೆ. ಕೆಮ್ಮಣ್ಣಿನ ಪಾತ್ರೆಗೆ ಇದು ಉತ್ತಮ ಮಾರ್ಗವೆಂದೇ ಹೇಳಬೇಕು.

ಟೈಟಾನಿಯಂ ಆಕ್ಸೈಡಿನ ವಕ್ರೀಭವನಾಂಕ ಎಲ್ಲಕ್ಕಿಂತ ಹೆಚ್ಚಾದುದರಿಂದ ಅದೇ ಶ್ರೇಷ್ಠವಾಗಬೇಕಿತ್ತು. ಕಬ್ಬಿಣದ ತಗಡಿನ ಮೇಲಿನ ಎನಾಮಲಿನಲ್ಲಿ, ಸುಮಾರು ೮೦೦ ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ, ಅದು ಶ್ರೇಷ್ಠವೂ ಹೌದು. ಕುಂಬಾರಿಕೆಯ ಅಧಿಕ ಶಾಖದಲ್ಲಿ ಅದರ ಹರಳುಗಳು ಬೇರೆ ರೂಪವನ್ನು ತಾಳಿ ಬೆಳೆದು ಬಿಳುಪು ಹಳದಿಗೆ ತಿರುಗುತ್ತದೆ. ಮಣ್ಣಿನ ಕಬ್ಬಿಣ ಸೇರಿದರೆ ಕಂದು. ಸತುವಿನ ಆಕ್ಸೈಡು ಬಣ್ಣದಂಗಡಿಯಲ್ಲಿ ಬಿಳಿಯ ಬಣ್ಣವೆನಿಸಿದ್ದರೂ ಗ್ಲೇಜಿನಲ್ಲಿ ಕರಗಿಬಿಡುತ್ತದೆ.

ಏನನ್ನೂ ಹೊರಗಿನಿಂದ ಸೇರಿಸದೆಯೂ ಮರೆಯುಂಟಾಗುವ ಸಂದರ್ಭಗಳಿವೆ. ಎಣ್ಣೆ ನೀರುಗಳು ಬೇರ್ಪಡುವಂತೆ ಕರಗಿದ ಗಾಜು ಆರುವಾಗ ಎರಡು ಬಗೆಯ ಗಾಜಾಗಿ ಒಡೆದು, ಒಂದು ಇನ್ನೊಂದರಲ್ಲಿ ಅತಿಸೂಕ್ಷ್ಮ ಹನಿಗಳಾಗಿ ನಿಲ್ಲಬಹುದು. ಚೀನದ ಹೆನಾನ್ ಪ್ರಾಂತದಲ್ಲಿ ಸುಂಗ್ ಅರಸರ ಕಾಲದಿಂದ ಪ್ರಸಿದ್ಧವಾದ ಜುನ್ ಪಾತ್ರೆಗಳ ಹಾಲುನೀಲಿಗೆ ಇದೇ ಕಾರಣ. ಅದರಲ್ಲಿ ನೀಲಿಯ ಬಣ್ಣದ್ರವ್ಯಕ್ಕಿಂತ ಚದರಿಕೆಯದೇ ಮುಖ್ಯ ಪಾತ್ರ. ಬಿಳಿಗಾರ ಮತ್ತು ಸುಣ್ಣ ಹೆಚ್ಚಾಗಿರುವ ಗ್ಲೇಜುಗಳಲ್ಲಿ ಕೆಮ್ಮಣ್ಣಿನ ಮೇಲೆ ತೇಲುವ ನೀಲಿಮೋಡಗಳೂ ಇದೇ ಜಾತಿಯವು. ಇಂತಹ ಗ್ಲೇಜನ್ನು ಬೇಗನೆ ಆರಿಸಿದರೆ ತಿಳಿ, ನಿಧಾನವಾಗಿ ಆರಿಸಿದರೆ ಮೋಡ.

ಲೇಪವನ್ನು ಇಮ್ಮಡಿ ದಪ್ಪ ಮಾಡಿದರೆ ಬೆಳಕು ದಾಟಬೇಕಾದ ಕಣಗಳ ಸಂಖ್ಯೆಯೂ ಇಮ್ಮಡಿಯಾಗಿ ಮರೆ ಹೆಚ್ಚುತ್ತದೆ. ಆದರೂ ಅಂಚುಗಳಲ್ಲಿ ಕರಗಿದ ಲೇಪ ತೆಳುವಾಗಿ ಮಣ್ಣಿನ ಕೆಂಪು ಇಣುಕುವುದನ್ನು ತಪ್ಪಿಸಲಾಗದು. ಅದನ್ನು ಅಂದವೆಂದೇ ಭಾವಿಸುವವರೂ ಇದ್ದಾರೆ, ಅದರಲ್ಲಿ ತಪ್ಪೇನೂ ಕಾಣದು. ಹೊಳಪಿಲ್ಲದ ಗ್ಲೇಜೆಲ್ಲ ಮರೆಮಾಡುವ ಗ್ಲೇಜೆಂದು ಭಾವಿಸುವುದು ಮಾತ್ರ ತಪ್ಪು. ಹೊಳಪು ಮೇಲ್ಮೈಯ ಗುಣ, ಮರೆ ಒಳಗಿನ ಗುಣ. ಇದಕ್ಕಿಂತ ಅಪಾಯಕರವಾದುದು ಅರೆಬೆಂದ ಲೇಪದ ಬಿಳುಪು. ಶಾಖ ಸಾಲದೆ ಕರಗದುಳಿದ ಪುಡಿ, ಗುಳ್ಳೆಗಳಿಂದ ಅದು ಬೆಳ್ಳಗೆ ಕಂಡು ಮೋಸಗೊಳಿಸುತ್ತದೆ. ನಿಂಬೆಯ ಹೋಳನ್ನು ಅಂತಹ ತಟ್ಟೆಯ ಮೇಲೆ ರಾತ್ರಿಯಿಡೀ ಇರಿಸಿದರೆ ಬೆಳಿಗ್ಗೆ ಆ ಜಾಗ ಮಂಕಾಗಿರಬಹುದು. ಹಾಗಾದ ತಟ್ಟೆಯಲ್ಲಿ ಊಟ ಬಡಿಸಬಾರದು.

ಬಿಳಿಯ ಜೇಡಿಯ ತೆಳು ಹೊದಿಕೆಯನ್ನು ಕೆಮ್ಮಣ್ಣಿನ ಮೇಲೆ ಕೊಟ್ಟು, ಅದರ ಮೇಲೆ ಪಾರದರ್ಶಕ ಗ್ಲೇಜನ್ನೇ ಹಚ್ಚುವ ಇನ್ನೊಂದು ದಾರಿಯೂ ಪ್ರಾಚೀನವಾದುದೇ. ವೆಚ್ಚ ಕಡಿಮೆ, ಆದರೆ ಹೊದಿಕೆ, ಮಣ್ಣು, ಮೆರುಗು ಮೂರೂ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಸಿಪ್ಪೆಯೇಳುತ್ತದೆ.

ಈ ವಿಷಯವನ್ನು ಶಾಲೆಯಲ್ಲಿ ಪ್ರಯೋಗಮುಖೇನ ತೋರಿಸುವುದು ಕಷ್ಟವಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆಯಿರುವ ಈ ನಾಡಿನಲ್ಲಿ ಇಂತಹ ಪ್ರಯೋಗ ಅಪರಿಚಿತವೂ ಆಗಬೇಕಾಗಿಲ್ಲ. ಕೆಮ್ಮಣ್ಣಿನ ಆರು ಚಿಕ್ಕ ಬಿಲ್ಲೆಗಳನ್ನು ಮಾಡಿ, ಪ್ರತಿಯೊಂದರ ಅರ್ಧಭಾಗಕ್ಕೆ ಮಾತ್ರ ಬಿಳಿಯ ಜೇಡಿ ಬಳಿದು, ಹದವಾಗಿ ಸುಟ್ಟಿಡಬೇಕು. ಸೀಸರಹಿತವಾದ ಅರೆಪಾರದರ್ಶಕ ಗ್ಲೇಜಿನ ಒಣಪುಡಿ ೫೦೦ ಗ್ರಾಂನಂತೆ ಎರಡು ಪಾತ್ರೆಗಳಲ್ಲಿ ತೂಗಿ, ಎರಡನೆಯದಕ್ಕೆ ೭೫ ಗ್ರಾಂ ನುಣ್ಣನೆಯ ಜಿರ್ಕಾನ್ ಸೇರಿಸಬೇಕು. ಎರಡಕ್ಕೂ ನೀರು ಬೆರೆಸಿ ತಲಾ ೭೫೦ ಮಿಲಿಲೀಟರಿಗೆ ತಂದು ನುಣ್ಣನೆಯ ಜರಡಿಯಲ್ಲಿ ಸೋಸಬೇಕು. ಬಳಿಕ ಒಂದೇ ಸೌಟಿನಿಂದ ಐದು ಮತ್ತು ಸೊನ್ನೆ, ನಾಲ್ಕು ಮತ್ತು ಒಂದು, ಮೂರು ಮತ್ತು ಎರಡು ಎಂಬ ಕ್ರಮದಲ್ಲಿ ಬೆರೆಸುತ್ತ ಹೋದರೆ ಜಿರ್ಕಾನಿನ ಪ್ರಮಾಣ ಶೇಕಡ ೦, ೩, ೬, ೯, ೧೨, ೧೫ ಆಗುತ್ತದೆ. ಪ್ರತಿ ಮಿಶ್ರಣವನ್ನೂ ಕಲಕಿ, ಬಿಲ್ಲೆಯನ್ನು ಒಂದೇ ಎಣಿಕೆಯಷ್ಟು ಹೊತ್ತು ಅದ್ದಿ ತೆಗೆಯತಕ್ಕದ್ದು. ಒಣಪುಡಿಯನ್ನು ತೂಗುವಾಗ ಮೂಗು ಬಾಯಿಗಳಿಗೆ ಧೂಳು ತಡೆಯುವ ಮುಖವಾಡವಿರಬೇಕು. ಚೆಲ್ಲಿದ ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರಸಬೇಕು. ಬೆಣಚಿನ ಧೂಳು ಪುಪ್ಪುಸಕ್ಕೆ ಶತ್ರು.

ಆರನ್ನೂ ಭಟ್ಟಿಯ ಒಂದೇ ಹಲಗೆಯ ಮೇಲಿಟ್ಟು ಸುಡಬೇಕು. ಆರಿದ ಮೇಲೆ ಸಾಲಾಗಿ ಜೋಡಿಸಿದರೆ ಮೊದಲ ಬಿಲ್ಲೆಯಲ್ಲಿ ಕೆಂಪು, ಬಿಳಿ ಎರಡು ಭಾಗಗಳೂ ಸ್ಪಷ್ಟವಾಗಿ ಕಾಣುತ್ತವೆ. ಮುಂದೆ ಸಾಗಿದಂತೆ ನಡುವಿನ ಗೆರೆ ಮಸಕಾಗುತ್ತ ಬರುತ್ತದೆ. ಯಾವ ಬಿಲ್ಲೆಯಲ್ಲಿ ಆ ಗೆರೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಸಿಗದೆ ಹೋಗುವುದೋ ಅದೇ ಆ ಗ್ಲೇಜಿಗೆ, ಆ ಭಟ್ಟಿಗೆ ತಕ್ಕ ಪ್ರಮಾಣ. ಬಿಲ್ಲೆಯ ಬೆನ್ನಿಗೆ ಸುಡುವ ಮೊದಲೇ ಕಬ್ಬಿಣದ ಆಕ್ಸೈಡಿನಿಂದ ಸಂಖ್ಯೆ ಬರೆದಿರಬೇಕು. ಪೆನ್ಸಿಲಿನಲ್ಲಿ ಬರೆದುದು ಭಟ್ಟಿಯಲ್ಲಿ ಉಳಿಯುವುದಿಲ್ಲ.